ಐವರ ಕೆಲಸ, ಆರು ಜನರ ಗೋಡೆ

ಜಗಳೂರು ಕಡೆಯ ಕಲ್ಲೇಶಪ್ಪ ಮೂವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಕಾಲೇಜಿಗೆ ಸೇರಿದ್ದು ಮನೆಯವರಿಗೆಲ್ಲ ಸೋಜಿಗವಾಗಿತ್ತು. ಕೈಯಲ್ಲಿ ಕಿರಿಯ ಇಂಜಿನಿಯರ್ ಕೆಲಸವಿತ್ತು, ಹೊನ್ನಾಳಿಯಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು. ಅಂಥವನು ದೀರ್ಘ ರಜೆ ಹಾಕಿ, ಕರಾವಳಿಯ ಕಾಲೇಜೊಂದರಲ್ಲಿ ‘ನಿರ್ಮಾಣ ನಿರ್ವಹಣೆ’ ಎಂಬ ಯಾರೂ ಕೇಳರಿಯದ ವಿಷಯದಲ್ಲಿ ಎಂ.ಟೆಕ್. ಮಾಡಲು ಹೊರಟಿದ್ದ.

“ಕಟ್ಟಡ ಕಟ್ಸಾಕೆ ಬರ್ತೈತಲ್ರೀ ನಿಮಗೆ. ಇನ್ನೇನು ಕಲಿಯಾಕೆ ಹೋಗ್ತೀರಿ?” ಎಂದು ಹೆಂಡತಿ ಅಜ್ಜಮ್ಮ ಕೇಳಿದ್ದಳು.

“ಯಾವ ಕೆಲ್ಸಕ್ಕೆ ಎಷ್ಟು ದಿನ ಬೇಕು ಅಂತ ಮೊದ್ಲೇ ಹೇಳಾಕೆ ಕಲೀಬೇಕು,” ಎಂದಿದ್ದ. ಉಳಿದದ್ದನ್ನು ಅವಳಿಗೂ ಹೇಳಿರಲಿಲ್ಲ.

ಉಳಿದದ್ದು ಇಷ್ಟು. 1981ರಲ್ಲಿ ನ್ಯಾಮತಿಯಲ್ಲಿ ಒಂದು ಸರ್ಕಾರಿ ಗೋದಾಮು ಏಳುತ್ತಿತ್ತು. ಮೇಲಧಿಕಾರಿಗಳು ನೋಡಲು ಬರುವ ಹಿಂದಿನ ದಿನ, ಗಾರೆ ಕೆಲಸದ ಖಲಂದರ್ ಮೂಲೆಯ ಸಾರುವೆಯ ಕೆಳಗೆ ನಿಂತು ಬೊಂಬಿನ ಕಟ್ಟನ್ನು ಕೈಯಲ್ಲಿ ಎಳೆದು ತೋರಿಸಿದ. “ಸಾಬ್, ಹಗ್ಗ ಹಳೇದಾಗೈತೆ. ನಾಳೆ ಹೊಸದು ಕಟ್ಟಿ ಹತ್ತೀನಿ.” ಕಲ್ಲೇಶಪ್ಪ ಗಡಿಯಾರ ನೋಡಿಕೊಂಡ. “ಇವತ್ತೊಂದಿನ ನಡೆಸ್ರಿ,” ಎಂದ. ಸಂಜೆ ನಾಲ್ಕಕ್ಕೆ ಸಾರುವೆ ಕುಸಿಯಿತು. ಖಲಂದರ್ ಬಿದ್ದಲ್ಲೇ ಸತ್ತ. ವರದಿಯಲ್ಲಿ ‘ಆಕಸ್ಮಿಕ’ ಎಂದು ಬರೆದರು. ಹಗ್ಗದ ಮಾತು ಯಾರೂ ಕೇಳಲಿಲ್ಲ, ಕಲ್ಲೇಶಪ್ಪನೂ ಹೇಳಲಿಲ್ಲ. ಕಂಟ್ರಾಕ್ಟರು ಕೆಲಸ ಬಿಟ್ಟು ಹೋದ. ಗೋಡೆಗಳು ಮೂರು ವರ್ಷ ಅರ್ಧಕ್ಕೇ ನಿಂತವು.

1984ರ ಬೇಸಿಗೆಯಲ್ಲಿ ಕಾಲೇಜಿನ ಪ್ರಾಧ್ಯಾಪಕರು ಅವನ ಕೈಗೆ ಒಂದು ಸ್ಟಾಪ್‌ವಾಚ್ ಕೊಟ್ಟರು. ನಡೆಯುತ್ತಿರುವ ಯಾವುದಾದರೂ ಕಟ್ಟಡಕ್ಕೆ ಹೋಗಿ, ಒಬ್ಬೊಬ್ಬ ಕೆಲಸಗಾರ ಒಂದು ದಿನದಲ್ಲಿ ಎಷ್ಟು ಕಟ್ಟುತ್ತಾನೆಂದು ಅಳೆದು ಪ್ರಬಂಧ ಬರೆಯಬೇಕಿತ್ತು. ಚನ್ನಗಿರಿಯಲ್ಲಿ ಒಂದು ಶಾಲೆ ಏಳುತ್ತಿತ್ತು, ಹೊನ್ನಾಳಿಯಲ್ಲಿ ಎರಡು ಕಚೇರಿ. ಆದರೆ ನ್ಯಾಮತಿಯ ಗೋದಾಮು ಹೊಸ ಕಂಟ್ರಾಕ್ಟರ ಕೈಯಲ್ಲಿ ಮತ್ತೆ ಶುರುವಾಗಿದೆ ಎಂದು ಕೇಳಿದ ಮೇಲೆ ಅವನಿಗೆ ಬೇರೆ ಕಡೆ ಹೋಗಲಾಗಲಿಲ್ಲ.

ಅಲ್ಲಿ ಐವರು ಗಾರೆಯವರಿದ್ದರು. ಮೇಸ್ತ್ರಿ ಮುರುಗೇಶಪ್ಪ. ಕಲ್ಲೇಶಪ್ಪ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಯಾರು ಎಷ್ಟು ಇಟ್ಟಿಗೆ ಇಟ್ಟರೆಂದು ಗೀಟು ಹಾಕುತ್ತ ಕೂತ. ಮೊದಲ ದಿನ ಐವರು ಸೇರಿ ಎರಡು ಸಾವಿರದ ನಾನೂರು ಇಟ್ಟಿಗೆ ಕಟ್ಟಿದ್ದರು. ಸಂಜೆ ಗೋಡೆಯನ್ನು ಅಳೆದು ನೋಡಿದರೆ ಎರಡು ಸಾವಿರದ ಒಂಬೈನೂರರ ಗೋಡೆ ಎದ್ದಿತ್ತು. ತನ್ನ ಎಣಿಕೆಯೇ ತಪ್ಪಿರಬೇಕೆಂದುಕೊಂಡ. ಎರಡನೇ ದಿನವೂ ಐನೂರು ಹೆಚ್ಚಿಗೆ ಬಂತು. ಮೂರನೇ ದಿನ ಬೆಳಿಗ್ಗೆಯೇ ಇಟ್ಟಿಗೆಯ ರಾಶಿಯನ್ನೂ ಎಣಿಸಿಟ್ಟ. ರಾಶಿಯಲ್ಲಿ ಕಡಿಮೆಯಾದದ್ದು ಗೋಡೆಯ ಲೆಕ್ಕಕ್ಕೆ ಸರಿಹೋಯಿತು. ಕಣ್ಣಾರೆ ಕಂಡ ಐದು ಜೊತೆ ಕೈಗಳ ಲೆಕ್ಕಕ್ಕೆ ಮಾತ್ರ ಹೋಗಲಿಲ್ಲ.

ಹೆಚ್ಚಿಗೆ ಬೆಳೆಯುತ್ತಿದ್ದದ್ದು ಅಂದು ಸಾರುವೆ ಕುಸಿದಿದ್ದ ಮೂಲೆಯ ಗೋಡೆ. ಆ ಮೂಲೆಗೆ ಐವರಲ್ಲಿ ಯಾರೂ ಹೋಗುತ್ತಿರಲಿಲ್ಲ.

ನಾಲ್ಕನೇ ದಿನ ನೋಡಿದ. ಗಾರೆ ಹೊರುವ ಅಂತರಘಟ್ಟಮ್ಮ ಐವರಿಗೂ ಕೊಟ್ಟಾದ ಮೇಲೆ ಇನ್ನೊಂದು ಬಾಂಡ್ಲಿ ತುಂಬಿಕೊಂಡು ಮೂಲೆಗೆ ಹೋದಳು. ಅಲ್ಲಿ ಇಳಿಸಿ, ಹಿಂತಿರುಗಿ ನೋಡದೆ ಬಂದಳು.

“ಅದು ಯಾರಿಗಮ್ಮ?”

“ಕೇಳ್ತಾರಲ್ರೀ. ಕೊಟ್ಟು ಬರ್ತೀನಿ.”

“ಯಾರು ಕೇಳ್ತಾರೆ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಿಮಗೆ ಕೇಳ್ಸಿಲ್ವೇನ್ರಿ?”

ಮಧ್ಯಾಹ್ನ ಎಲ್ಲರೂ ಬೇವಿನ ನೆರಳಿಗೆ ಬಂದು ಬುತ್ತಿ ಬಿಚ್ಚಿದರು. ಕಲ್ಲೇಶಪ್ಪ ಗಾರೆಯವರ ಐದೂ ತಲೆ ಎಣಿಸಿದ. ಸುಡುಬಿಸಿಲು, ಎಲೆ ಅಲ್ಲಾಡುತ್ತಿರಲಿಲ್ಲ. ಆಗ ಮೂಲೆಯ ಕಡೆಯಿಂದ ಕರಣೆಯ ಹಿಡಿಯಿಂದ ಇಟ್ಟಿಗೆ ತಟ್ಟುವ ಸದ್ದು ಬಂತು. ಟಕ್, ಟಕ್. ಸ್ವಲ್ಪ ತಡೆದು, ಟಕ್. ತಿನ್ನುತ್ತಿದ್ದವರು ಯಾರೂ ತಲೆ ಎತ್ತಲಿಲ್ಲ. ಅವನು ಎದ್ದು ಹೋದ. ಮೂಲೆಯಲ್ಲಿ ಯಾರೂ ಇರಲಿಲ್ಲ. ಬಾಂಡ್ಲಿ ಖಾಲಿಯಾಗಿತ್ತು, ಮೇಲಿನ ವರಸೆಯ ಗಾರೆ ಇನ್ನೂ ಹಸಿಯಾಗಿತ್ತು. ಸ್ಟಾಪ್‌ವಾಚ್ ಜೇಬಿಗೆ ಹಾಕಿಕೊಂಡ.

ಮುರುಗೇಶಪ್ಪನನ್ನು ಕೇಳಿದಾಗ ಅವನು ದನಿ ತಗ್ಗಿಸಿದ. “ನೀವು ಬರಾಕೆ ಮುಂಚೆ, ಕೆಲ್ಸ ಶುರುವಾದ ಮೊದ್ಲ ದಿನ ನಾವೂ ಓಡೋಗಿದ್ವಿ ಸಾರ್. ಆಮ್ಯಾಲೆ ನೋಡಿದ್ರೆ ಯಾರಿಗೂ ಏನೂ ತೊಂದ್ರೆ ಇಲ್ಲ. ಗೋಡೆ ನೆಟ್ಟಗೈತೆ. ಏನು ಮಾಡಾಕಾಗ್ತೈತೆ?”

ಆ ಸಂಜೆ ಕಲ್ಲೇಶಪ್ಪ ಖಲಂದರನ ಮನೆ ಹುಡುಕಿಕೊಂಡು ಹೋದ. ಮೂರು ವರ್ಷದಲ್ಲಿ ಅದೇ ಮೊದಲು. ಖಲಂದರನ ಹೆಂಡತಿ ಅಖ್ತರ್‌ಬೀ ಹೊಸ್ತಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ, ಹಗ್ಗದ ಮಾತನ್ನೂ. ಅವಳು ತಲೆ ತಗ್ಗಿಸಿ ಮುಂದಿನ ಬೀಡಿ ಕಟ್ಟಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನ ಅವಳೇ ಕಟ್ಟಡಕ್ಕೆ ಬಂದಳು. ನೇರ ಮೂಲೆಗೆ ಹೋಗಿ, ಇಟ್ಟಿಗೆಯ ಸಂದುಗಳಲ್ಲಿ ಗಾರೆ ಸವರಿದ ಗೆರೆಗಳ ಮೇಲೆ ಬೆರಳಾಡಿಸಿದಳು. ಉಳಿದ ಗೋಡೆಗಳಲ್ಲಿ ಗೆರೆ ಒಂದು ಕಡೆಗೆ ಎಳೆದಿದ್ದರೆ, ಇಲ್ಲಿ ಅದಕ್ಕೆ ಎದುರು ದಿಕ್ಕಿಗೆ ಎಳೆದಿತ್ತು.

“ಎಡಗೈ ಕೆಲ್ಸ,” ಎಂದಳು. “ನಮ್ಮನೆಯವರದು ಎಡಗೈ.”

ಅವಳು ಕಲ್ಲೇಶಪ್ಪನ ಕಡೆ ತಿರುಗಿದಳು. “ಮುಗಿಸ್ಲಿ ಬಿಡ್ರಿ ಸಾಬ್. ಈ ಸಲ ಯಾರೂ ಅವಸರ ಮಾಡಬ್ಯಾಡ್ರಿ.”

ಅಂದಿನಿಂದ ಮತ್ತೆ ಏಳು ದಿನ ಹಿಡಿಯಿತು. ಮೂಲೆ ಛಾವಣಿಯ ಮಟ್ಟ ಮುಟ್ಟಿದ ಮರುದಿನ ಅಂತರಘಟ್ಟಮ್ಮ ಪ್ರತಿ ಸುತ್ತಿನಲ್ಲೂ ಐದೇ ಬಾಂಡ್ಲಿ ಹೊತ್ತಳು. ಅಂದು ಸಂಜೆ ಐವರ ಲೆಕ್ಕ ಗೋಡೆಗೆ ಸರಿಯಾಗಿ ಕೂತಿತು. ಕಲ್ಲೇಶಪ್ಪ ಪುಸ್ತಕ ಮುಚ್ಚಿ ಬೇವಿನ ಕೆಳಗೆ ಕತ್ತಲಾಗುವವರೆಗೆ ಕೂತಿದ್ದ.

ಪ್ರಬಂಧದಲ್ಲಿ ಅವನು ಆ ಹನ್ನೊಂದು ದಿನಗಳಿಗೆ ‘ಕೆಲಸಗಾರರು ಆರು’ ಎಂದು ಬರೆದ. ಪ್ರಾಧ್ಯಾಪಕರು ಹೊಡೆದು ಹಾಕಿದರು. ಅವನು ಮತ್ತೆ ಬರೆದ. ಮೌಖಿಕ ಪರೀಕ್ಷೆಯಲ್ಲಿ ಆರನೆಯವರು ಯಾರೆಂದು ಕೇಳಿದಾಗ ಖಲಂದರನ ಹೆಸರು ಹೇಳಿದ, ಹಳೇ ಹಗ್ಗದ ಮೇಲೆ ಹತ್ತಿಸಿದವನು ತಾನೇ ಎಂದೂ ಹೇಳಿದ. ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಸಾರುವೆಯ ಭದ್ರತೆಯ ಬಗ್ಗೆ ಅವನು ಬರೆದಿದ್ದ ಅಧ್ಯಾಯ ನೋಡಿ, ಕಡಿಮೆ ಅಂಕ ಹಾಕಿ ಪದವಿ ಕೊಟ್ಟರು.

ಅದೇ ಮಾತನ್ನು ಇಲಾಖೆಗೂ ಬರೆದು ಕಳಿಸಿದ. ವಿಚಾರಣೆ ಮತ್ತೆ ನಡೆಯಿತು. ಅವನ ಬಡ್ತಿ ತಪ್ಪಿತು, ಜಗಳೂರಿಗೆ ಹಾಕಿದರು. ‘ಆಕಸ್ಮಿಕ’ ಎಂಬ ಪದವನ್ನು ಹೊಡೆದು ಕಾರಣ ಬರೆದರು. 1986ರಲ್ಲಿ ಅಖ್ತರ್‌ಬೀಗೆ ಅದೇ ಗೋದಾಮಿನಲ್ಲಿ ಜವಾನ ಕೆಲಸ ಸಿಕ್ಕಿತು. ಬೆಳಿಗ್ಗೆ ಬಾಗಿಲು ತೆಗೆದು ಅವಳು ಇಡೀ ಗೋದಾಮು ಗುಡಿಸುತ್ತಾಳೆ, ಮೂಲೆಯೊಂದನ್ನು ಬಿಟ್ಟು. ಅಲ್ಲಿ ಧೂಳೇ ಕೂರುವುದಿಲ್ಲವಂತೆ.