ಎಡಗೈ ರೊಟ್ಟಿ

ನಮ್ಮ ಕಾಕಾ ಮೊಂಬಾಸಾದಲ್ಲಿದ್ದ. ಮೊಂಬಾಸಾ ಎಲ್ಲಿದೆ ಎಂದು ನಾನು ಮನೆಯಲ್ಲಿ ಎಲ್ಲರನ್ನೂ ಕೇಳಿದ್ದೆ. ಅವ್ವ "ಮುಂಬೈ ದಾಟಿದ ಮ್ಯಾಲ" ಅಂದಳು. ಅಪ್ಪ "ಆಫ್ರಿಕಾದಾಗ" ಅಂದ. ಆಯಿ, ಅಂದರೆ ಅಪ್ಪನ ತಾಯಿ, "ಡಬ್ಬಿ ಮುಟ್ಟಾಕ ಒಂದು ತಿಂಗಳು ಬೇಕಲಾ, ಅಷ್ಟು ದೂರ" ಅಂದಳು. ಮೂರರಲ್ಲಿ ಆಯಿಯ ಉತ್ತರವೊಂದೇ ನನಗೆ ತಿಳಿದದ್ದು.

ಡಬ್ಬಿ ಎಂದರೆ ರೊಟ್ಟಿಯ ಡಬ್ಬಿ. ಕಾಕಾ ಮದುವೆಗೂ ಮುಂಚೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಡಗು ಹತ್ತಿ ಹೋದವನು. ಅಲ್ಲಿ ಒಬ್ಬ ಸೇಠನ ಬಟ್ಟೆ ಅಂಗಡಿಯಲ್ಲಿ ಕೆಲಸ. ಸೊಲ್ಲಾಪುರದಲ್ಲಿ ನಮ್ಮದೂ ಬಟ್ಟೆ ವ್ಯಾಪಾರವೇ. ಆ ಸೇಠನ ಮಂದಿ ಸಂಕ್ರಾಂತಿ ಆದ ಮೇಲೊಮ್ಮೆ, ದಸರೆ ಆದ ಮೇಲೊಮ್ಮೆ ಸರಕು ಕೊಳ್ಳಲು ನಮ್ಮ ಪೇಟೆಗೆ ಬರುತ್ತಿದ್ದರು. ಹೋಗುವಾಗ ಅವರ ಜೊತೆ ನಮ್ಮ ಡಬ್ಬಿ ಹೋಗುತ್ತಿತ್ತು. ಚಿಮಣಿ ಎಣ್ಣೆಯ ತಗಡಿನ ಡಬ್ಬಿಯನ್ನು ಬೂದಿ, ಹುಣಸೆಹಣ್ಣು ಹಾಕಿ ವಾಸನೆ ಹೋಗುವ ತನಕ ತಿಕ್ಕಿ, ಬಿಸಿಲಿಗೆ ಒಣಗಿಸಿ, ತುಂಬ ಕಡಕ್ ರೊಟ್ಟಿ ಒಟ್ಟಿ, ನಡುವೆ ಶೇಂಗಾ ಚಟ್ನಿಯ ಗಂಟು ಇಟ್ಟು, ಬಾಯಿಗೆ ಬೆಸುಗೆ ಹಾಕಿಸುತ್ತಿದ್ದರು. ಜೋಳ ಮಾತ್ರ ಅಕ್ಕಲಕೋಟದ ಹತ್ತಿರದ ಕುರನೂರಿನ ನಮ್ಮ ಹೊಲದ್ದೇ ಆಗಬೇಕು. ಪೇಟೆಯ ಜೋಳ ತಂದರೆ ಆಯಿ ಆ ದಿನ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಪತ್ರಗಳೂ ಹೋಗುತ್ತಿದ್ದವು. ಆದರೆ ಬರೆಯುವವನು ಅಪ್ಪ, ಅದೂ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ. ನಾವು ಆಡುವುದೆಲ್ಲ ಕನ್ನಡ, ಬರೆಯುವುದೆಲ್ಲ ಮರಾಠಿ. ನಮ್ಮಂಥ ಅಂಗಡಿಕಾರರ ಮನೆಗಳಲ್ಲಿ ಆಗ ಹಾಗೇ ಇತ್ತು. ಆಯಿ ಪಕ್ಕದಲ್ಲಿ ಕೂತು ಒಂದು ತಾಸು ಹೇಳಿದ್ದನ್ನು ಅಪ್ಪ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದ.

"ಏನಪಾ, ನಾ ಇಷ್ಟ ಹೇಳೀನಿ, ಕಾಗದದಾಗ ಇಷ್ಟ ಸಣ್ಣದು ಹ್ಯಾಂಗಾತು?" ಎಂದು ಆಯಿ ಕೇಳಿದರೆ, "ಮರಾಠಿಯೊಳಗ ಎಲ್ಲಾ ಬಂತವ್ವಾ" ಅನ್ನುತ್ತಿದ್ದ.

ಆಯಿ ನಂಬುತ್ತಿರಲಿಲ್ಲ. ಎದ್ದು ಹೋಗಿ ಒಲೆಯ ಮುಂದೆ ಕೂರುತ್ತಿದ್ದಳು. ತನ್ನ ಪತ್ರವನ್ನು ತಾನು ಹಂಚಿನ ಮೇಲೆ ಬರೆಯುತ್ತೇನೆ ಅನ್ನುವ ಹಾಗೆ ರೊಟ್ಟಿ ಬಡಿಯುತ್ತಿದ್ದಳು. ಬೀಸುವ ಕಲ್ಲಿಗೆ ಸಿಕ್ಕು ಅವಳ ಬಲಗೈಯ ಉಂಗುರದ ಬೆರಳು ಸೊಟ್ಟಗಾಗಿತ್ತು. ಹಾಗಾಗಿ ಅವಳ ಪ್ರತಿ ರೊಟ್ಟಿಯ ಅಂಚಿನ ಹತ್ತಿರ ಉಗುರಿನಷ್ಟು ಒಂದು ತಗ್ಗು ಬೀಳುತ್ತಿತ್ತು. ಕಾಕಾ ಒಮ್ಮೆ ಬರೆದಿದ್ದ: ಮೇಲಿನ ಹತ್ತು ವೈನಿಯ ಕೈಯವು, ಕೆಳಗಿನವೆಲ್ಲ ಅವ್ವನವು. ವೈನಿ ಅಂದರೆ ನನ್ನ ಅವ್ವ, ಅವನ ಅವ್ವ ಅಂದರೆ ಆಯಿ. ಅದನ್ನು ಓದಿಸಿಕೊಂಡ ದಿನ ಆಯಿ ಓಣಿಯಲ್ಲಿ ನಾಲ್ಕು ಮನೆಗೆ ಹೋಗಿ ಹೇಳಿ ಬಂದಳು. ನನಗೋ ಒಂದೇ ಕುತೂಹಲ. ಸಮುದ್ರದ ಆಚೆ ಕೂತವನಿಗೆ ಬೆರಳ ಗುರುತು ಹೇಗೆ ತಿಳಿಯುತ್ತದೆ? ಒಂದು ಸಲ ಅವನನ್ನು ಪರೀಕ್ಷೆ ಮಾಡಬೇಕು ಎಂದು ಆಗಲೇ ಅಂದುಕೊಂಡಿದ್ದೆ. ಆ ಬುದ್ಧಿಗೆ ಬೆಂಕಿ ಬೀಳಲಿ.

ಇಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಹದಿಮೂರು. ದಸರೆಗೆ ಒಂದು ತಿಂಗಳ ಮುಂಚೆ ಆಯಿ ಬಿತ್ತನೆ ನೋಡಲು ಕುರನೂರಿಗೆ ಹೋದಳು. ಹೊಲದ ಬದುವಿನಲ್ಲಿ ನಿಂತವಳು ಹಾಗೇ ಕುಸಿದಳಂತೆ. ಗಾಡಿಯಲ್ಲಿ ಅಕ್ಕಲಕೋಟಕ್ಕೆ ತಂದು ವೈದ್ಯರಿಗೆ ತೋರಿಸಿ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ತಂದರು. ಲಕ್ವಾ ಹೊಡೆದು ಬಲಗೈ, ಬಲಗಾಲು ಹೋಗಿದ್ದವು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಮಾತು ಮಾತ್ರ ಇತ್ತು, ತೊದಲು ತೊದಲಾಗಿ.

ಅಪ್ಪ ಅವಳ ಹಾಸಿಗೆಯ ಹತ್ತಿರವೇ ಕೂತು ಹೇಳಿದ: "ತಮ್ಮಗ ತಿಳಿಸಿದ್ರ ಅಂವ ಎಲ್ಲಾ ಬಿಟ್ಟು ಹಡಗ ಹತ್ತತಾನ. ಕರಾರು ಇನ್ನೂ ಮೂರು ವರ್ಷ ಐತಿ. ನಡುವ ಬಿಟ್ಟು ಬಂದ್ರ ಸೇಠ ಮತ್ತ ಕರಕೊಳ್ಳಾಂಗಿಲ್ಲ."

"ತಿಳಿಸಬ್ಯಾಡ್ರಿ" ಅಂದಳು ಆಯಿ. "ನನ್ನ ಸಲುವಾಗಿ ಅವನ ಬಾಳೆ ಕೆಡೂದು ಬ್ಯಾಡ."

ಪತ್ರದಲ್ಲಿ ಸುಳ್ಳು ಬರೆಯುವುದು ಕಷ್ಟವಲ್ಲ. "ಇಕಡೆ ಎಲ್ಲ ಖುಶಾಲಿ" ಎಂದು ಅಪ್ಪ ಪ್ರತಿ ಸಲ ಬರೆಯುತ್ತಲೇ ಇದ್ದ. ಆದರೆ ಡಬ್ಬಿಗೆ ಏನು ಮಾಡುವುದು? ಆಯಿಯ ರೊಟ್ಟಿ ಇಲ್ಲದೆ ಡಬ್ಬಿ ಹೋದರೆ ಅವನಿಗೆ ತಿಳಿದೇ ತಿಳಿಯುತ್ತದೆ. ಅವ್ವ ಪ್ರಯತ್ನಪಟ್ಟಳು. ಅವಳ ಕೈ ಭಾರ, ರೊಟ್ಟಿ ದಪ್ಪ. ಆಗ ನಾನು "ನಾ ಮಾಡ್ತೀನಿ" ಅಂದೆ. ಎಲ್ಲರೂ ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನಕ್ಕಿದ್ದೇ ತಡ, ಮಾಡಿಯೇ ತೋರಿಸುತ್ತೇನೆ ಎಂದು ಪಟ್ಟು ಹಿಡಿದೆ.

ಬೆಳಿಗ್ಗೆ ಬಟ್ಟೆ ಗಿರಣಿಯ ಭೋಂಗಾ, ಅಂದರೆ ಪಾಳಿಯ ಸೈರನ್, ಕೂಗುವುದರೊಳಗೆ ಹಿಟ್ಟಿನ ಮುಂದೆ ಕೂರುತ್ತಿದ್ದೆ. ಆಯಿಯ ಹಾಸಿಗೆಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದಿದ್ದರು. ಅವಳು ಮಲಗಿಕೊಂಡೇ ಬಡಿಯುವ ಸಪ್ಪಳ ಕೇಳಿ ತಪ್ಪು ಹೇಳುತ್ತಿದ್ದಳು. "ನಡುವ ಜೋರ ಹೊಡಿಬ್ಯಾಡ, ಅಂಚಿಗೆ ಹೋಗು." ರೊಟ್ಟಿ ಹರಿದರೆ ನಾನು ಹಿಟ್ಟನ್ನು ಬೈಯುತ್ತಿದ್ದೆ, ಹಂಚನ್ನು ಬೈಯುತ್ತಿದ್ದೆ. "ಕುಣಿಲಾರದಾಕಿ ಅಂಗಳ ಡೊಂಕು ಅಂದ್ಲಂತ" ಎಂದು ಆಯಿ ತೊದಲುತ್ತ ನಗುತ್ತಿದ್ದಳು. ಹದಿನೈದು ದಿನಕ್ಕೆ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ ಬಂತು. ತಗ್ಗು ಬೀಳಿಸಲು ಉಂಗುರದ ಬೆರಳನ್ನು ಮಡಚಿ ದಾರ ಕಟ್ಟಿಕೊಂಡೆ. ಪ್ರತಿ ರೊಟ್ಟಿಗೂ ಒಂದೇ ಜಾಗದಲ್ಲಿ, ಅಳೆದಿಟ್ಟ ಹಾಗೆ ಒಂದು ತಗ್ಗು. ಅವ್ವ ಎರಡು ರೊಟ್ಟಿ ಹಿಡಿದು ಬೆಳಕಿಗೆ ನೋಡಿ, "ಅತ್ತೀದ ಕೈ ನೋಡವಾ, ಖರೇನ" ಅಂದಳು. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಡಬ್ಬಿ ಹೋಯಿತು. ಎರಡೂವರೆ ತಿಂಗಳಿಗೆ ಉತ್ತರ ಬಂತು. ಅಪ್ಪ ಓದಿ ಕನ್ನಡದಲ್ಲಿ ಹೇಳಿದ: "ಅವ್ವನ ಕೈ ಹಾಂಗ ಐತಿ, ಒಂದ ಚೂರೂ ಬದಲಾಗಿಲ್ಲ ಅಂತ ಬರದಾನ." ಮನೆಯವರೆಲ್ಲ ನನ್ನ ಬೆನ್ನು ತಟ್ಟಿದರು. ಕಾಕಾನನ್ನು ಪರೀಕ್ಷೆಯಲ್ಲಿ ಸೋಲಿಸಿದ್ದೆ! ಆಯಿಯೂ ನಕ್ಕಳು, ಆದರೆ ಸ್ವಲ್ಪ ತಡವಾಗಿ.

ಸಂಕ್ರಾಂತಿ ಡಬ್ಬಿಯ ಹೊತ್ತಿಗೆ ಆಯಿ ಹಿಡಿದರೆ ಕೂರುವಷ್ಟಾಗಿದ್ದಳು. ಅವ್ವ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ನನ್ನನ್ನು ಕರೆದಳು. "ನನ್ನ ಒಲಿ ಮುಂದ ಕುಂಡ್ರಸ." ಕೂರಿಸಿದೆ. ಎಡಗೈಯಿಂದ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚು ಸೀಳಿ ನಕಾಶೆಯ ಹಾಗೆ. ತೆಳುವಾದ ಕಡೆ ಸುಟ್ಟಿತು. ಬೆವರು ಅವಳ ಗದ್ದದಿಂದ ಇಳಿಯುತ್ತಿತ್ತು.

"ಇದನ್ನ ಡಬ್ಬಿ ನಡುವ ಹಾಕು. ಯಾರಿಗೂ ಹೇಳಬ್ಯಾಡ" ಅಂದಳು.

ಅದನ್ನು ಕೈಯಲ್ಲಿ ಹಿಡಿದು ನಾನು ಹಿತ್ತಲಿಗೆ ಹೋದೆ. ನನಗೆ ಬಂದ ಸಿಟ್ಟು ಈಗಲೂ ನೆನಪಿದೆ. ಇಷ್ಟು ದಿನ ಬೆರಳಿಗೆ ದಾರ ಕಟ್ಟಿಕೊಂಡು ಕೂಡಿಸಿದ್ದನ್ನು ಈ ಒಂದು ಸೊಟ್ಟ ರೊಟ್ಟಿ ಹಾಳು ಮಾಡುತ್ತದೆ. ಕಾಕಾಗೆ ಎಲ್ಲ ತಿಳಿದುಬಿಡುತ್ತದೆ. ಬೇಡ ಅಂದವಳೂ ಅವಳೇ, ಕಳಿಸು ಅನ್ನುವವಳೂ ಅವಳೇ! ಮುದುಕಿಗೆ ಅರಳು ಮರಳು ಅಂದುಕೊಂಡೆ. ಎಸೆದರೆ ಯಾರಾದರೂ ನೋಡುತ್ತಾರೆ. ಗೋಡೆಯ ಬದಿಗೆ ನಿಂತು ತಿಂದುಬಿಟ್ಟೆ.

"ಹಾಕಿದಿ?" ಎಂದು ಆಯಿ ಕೇಳಿದಳು.

"ಹಾಕೀನಿ."

ಆಮೇಲೆ ಅವಳು ಕಾಯತೊಡಗಿದಳು. ಅಂಚೆಯವನ ಸದ್ದು ಕೇಳಿದರೆ ತಲೆ ಎತ್ತುವಳು. ಪತ್ರ ಬಂತು. ಅಪ್ಪ ಓದಿದ: ರೊಟ್ಟಿ ಮುಟ್ಟಿದವು, ಅವ್ವನ ಕೈ ಹಾಂಗ ಐತಿ.

"ಮತ್ತೇನರ ಬರದಾನ?"

"ಇಲ್ಲವಾ, ಇಷ್ಟ."

ಮುಂದಿನ ಪತ್ರಕ್ಕೂ ಕೇಳಿದಳು, ಅದರ ಮುಂದಿನದಕ್ಕೂ ಕೇಳಿದಳು. ಬೇಸಿಗೆ ಹೋಯಿತು, ಮಳೆ ಬಂತು. ಆಯಿ ಸಣ್ಣಗಾದಳು. ನನ್ನ ರೊಟ್ಟಿಯ ಸಪ್ಪಳಕ್ಕೆ ತಪ್ಪು ಹೇಳುವುದನ್ನು ಬಿಟ್ಟಳು. ಅದು ನನಗೆ ಮೊದಲು ಹೆಮ್ಮೆಯಾಯಿತು, ಇನ್ನು ತಪ್ಪೇ ಇಲ್ಲ ಎಂದು. ಎಂಥ ಹೆಡ್ಡಿ ನಾನು.

ದಸರೆಯ ಡಬ್ಬಿಯ ಹಿಟ್ಟು ಬೀಸಿ ತಂದ ದಿನ ಅವಳ ತಲೆ ಬಾಚುತ್ತಿದ್ದೆ. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಎಡಗೈ ರೊಟ್ಟಿ ತಿಂದೂ ಸುಮ್ಮ ಅದಾನ ನೋಡು. ಬಾರಪಾ ಅಂತ ಅದಕಿಂತ ಹೆಚ್ಚು ಹ್ಯಾಂಗ ಕರೀಲಿ?"

ಆ ರೊಟ್ಟಿ ಕರೆಯೋಲೆ ಎಂದು ನನಗೆ ಆಗ ತಿಳಿಯಿತು. ಎಲ್ಲರ ಎದುರು ಬೇಡ ಅಂದವಳು ಒಳಗೊಳಗೇ ಮಗನನ್ನು ಕರೆದಿದ್ದಳು. ಒಂಬತ್ತು ತಿಂಗಳಿಂದ, ಕರೆದರೂ ಮಗ ಬರಲಿಲ್ಲ ಎಂದು ಒಬ್ಬಳೇ ನುಂಗಿಕೊಂಡು ಮಲಗಿದ್ದಳು.

"ಆಯಿ, ಮತ್ತೊಂದು ಬಡಿ. ಈ ಸಲ ಹಾಕೋಣು" ಅಂದೆ.

"ಬ್ಯಾಡ. ಕರದ್ರೂ ಬರದವನ್ನ ಎಷ್ಟ ಸಲ ಕರೀಬೇಕು?"

"ಅದು ಹೋಗೇ ಇಲ್ಲ ಆಯಿ. ನಾ ತಿಂದೆ."

ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು. ನಾನು ಅಳತೊಡಗಿದ್ದೆ.

"ನೀ ತಿಂದಿ?"

"ಹೂಂ."

"ಹೆಂಗಿತ್ತು?"

"ಒಂದು ಕಡಿ ಸುಟ್ಟಿತ್ತು. ಒಂದು ಕಡಿ ಹಸಿ ಇತ್ತು."

ಆಯಿಯ ಸೊಟ್ಟ ಬಾಯಿ ನಡುಗಿತು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. "ಎಲೆಲೆ ಮೂಳಿ! ಅಂವ ತಿಂದಿಲ್ಲ! ಅಂವಗ ಮುಟ್ಟೇ ಇಲ್ಲ!" ಎಂದು ಎಷ್ಟೋ ಸಲ ಹೇಳಿದಳು. ಆಮೇಲೆ ಅದೇ ಎಡಗೈಯಿಂದ ನನ್ನ ಕೆನ್ನೆಗೆ ಒಂದು ಬಿಟ್ಟಳು. ಆ ಪೆಟ್ಟಿನಲ್ಲಿ ಬಲವೇ ಇರಲಿಲ್ಲ. ಅದೇ ನನಗೆ ಹೆಚ್ಚು ಹತ್ತಿತು.

ಆ ದಿನದ ರೊಟ್ಟಿ ಮೊದಲಿನದಕ್ಕಿಂತ ಸಣ್ಣದು. ನಾನು ಅವಳ ಬೆನ್ನಿಗೆ ಆಸರೆಯಾಗಿ ಕೂತೆ, ಅವಳು ಬಡಿದಳು. ಡಬ್ಬಿಯ ನಡುವೆ ನಾನೇ ಇಟ್ಟೆ. ಬೆಸುಗೆ ಹಾಕಿ ಮುಗಿಸುವ ತನಕ ಅಲ್ಲಿಂದ ಕದಲಲಿಲ್ಲ. ಅಪ್ಪ "ಏನ ಪಹರೆ ಕಾಯಾಕತ್ತಿ?" ಎಂದು ಕೇಳಿದರೂ ಬಾಯಿ ಬಿಡಲಿಲ್ಲ.

ಈ ಸಲ ಪತ್ರ ಬರಲಿಲ್ಲ. ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಕಾಕಾನೇ ಬಂದ. ಬಿಸಿಲಿಗೆ ಕರ್ರಗಾದ, ತಲೆ ಕೂದಲು ತೆಳ್ಳಗಾದ ಒಬ್ಬ ಗಂಡಸು ಬಾಗಿಲಲ್ಲಿ ನಿಂತು, ಅಪ್ಪನಿಗೂ ನಮಸ್ಕಾರ ಮಾಡದೆ, ಸೀದಾ ಅಡುಗೆಮನೆಯ ಬಾಗಿಲ ಹಾಸಿಗೆಗೆ ಹೋಗಿ ಕೂತ. ಆಯಿ ಎಡಗೈ ಎತ್ತಿ ಅವನ ಮುಖದ ಮೇಲೆಲ್ಲ ಆಡಿಸಿದಳು. "ಕರಾರಪಾ?" ಎಂದು ಕೇಳಿದಳು. "ಹಾಳಾಗಿ ಹೋಗಲಿ" ಅಂದ.

ಆಯಿ ಆಮೇಲೆ ಹನ್ನೊಂದು ದಿನ ಇದ್ದಳು. ಆ ಹನ್ನೊಂದು ದಿನ ಅವನೇ ಉಣ್ಣಿಸಿದ. ಮೊಂಬಾಸಾದ ಕಥೆಯನ್ನು ಬೆಳಗಿನಿಂದ ಸಂಜೆ ತನಕ ಕನ್ನಡದಲ್ಲೇ ಹೇಳಿದ. ಆಯಿ ಕೇಳಿದ್ದನ್ನೇ ಕೇಳಿದಳು. ಹತ್ತು ವರ್ಷದ ಮಾತನ್ನು ಅಷ್ಟರಲ್ಲಿ ಮುಗಿಸಲು ಆಗುತ್ತದೆಯೇ? ಆಗಲಿಲ್ಲ.

ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನಿಗೆ ರೊಟ್ಟಿ ಬಡಿಸುತ್ತಿದ್ದೆ. ಅಷ್ಟಾದರೂ ನನ್ನ ಕುತೂಹಲ ಸತ್ತಿರಲಿಲ್ಲ. "ಕಾಕಾ, ಮೊದಲಿನ ಡಬ್ಬಿ ರೊಟ್ಟಿ ನಾ ಮಾಡಿದ್ದು. ನಿನಗ ಗೊತ್ತಾಗಿತ್ತೇನು?"

"ಡಬ್ಬಿ ಒಡದ ದಿನಾನ ಗೊತ್ತಾತು" ಅಂದ. "ನಿನ್ನ ರೊಟ್ಟಿ ಎಲ್ಲಾ ಒಂದ ನಮೂನಿ ಇದ್ವು, ತಗ್ಗು ಒಂದ ಜಾಗಾದಾಗ. ಅವ್ವಂದು ಒಂದರಂಗ ಒಂದು ಎಂದರ ಇತ್ತೇನು?"

"ಮತ್ತ ಅವ್ವನ ಕೈ ಹಾಂಗ ಐತಿ ಅಂತ ಯಾಕ ಬರದಿ?"

"ನೀವೆಲ್ಲಾ ಅಷ್ಟು ಕಷ್ಟಪಟ್ಟು ಮುಚ್ಚೀರಿ ಅಂದ ಮ್ಯಾಲ ಅವ್ವಗ ನಾ ಬರೂದು ಬ್ಯಾಡಾಗೇದ ಅಂದ್ಕೊಂಡೆ. ಅವ್ವ ಕರದ್ರ ಹೊಂಡಬೇಕಂತ ಗಂಟು ಕಟ್ಟಿ ಇಟ್ಟಿದ್ದೆ. ಸಂಕ್ರಾಂತಿ ಡಬ್ಬಿ ಬಂದಾಗ ಒಂದೊಂದ ರೊಟ್ಟಿ ತಿರುವಿ ನೋಡಿದೆ. ಅವ್ವನ ಕೈದು ಒಂದೂ ಇದ್ದಿಲ್ಲ."

ಹೇಳುತ್ತ ಅಂಗಿಯ ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ದಸರೆಯ ಎಡಗೈ ರೊಟ್ಟಿ. ಸಮುದ್ರ ದಾಟಿ ಹೋಗಿ, ಸಮುದ್ರ ದಾಟಿ ಬಂದು ನಾಲ್ಕು ಚೂರಾಗಿತ್ತು. ಅವನು ಅದನ್ನು ತಿಂದಿರಲಿಲ್ಲ. ಒಂದು ಚೂರು ತೆಗೆದು ನನ್ನ ಕಡೆ ಹಿಡಿದ. "ಅವ್ವನ ಕಡೀ ರೊಟ್ಟಿ. ತಗೋ, ನಿನಗೂ ಒಂದು ಪಾಲು ಇರಲಿ."

ನನಗೆ ಕೈ ಚಾಚಲು ಆಗಲಿಲ್ಲ. "ಬ್ಯಾಡ ಕಾಕಾ. ನನ್ನ ಪಾಲು ನಾ ಮೊದಲ ತಿಂದೀನಿ" ಅಂದೆ. ಸಂಕ್ರಾಂತಿ ಡಬ್ಬಿಯ ಆ ಮಧ್ಯಾಹ್ನ, ಹಿತ್ತಲ ಗೋಡೆ, ಹಾಕೀನಿ ಅಂದ ಸುಳ್ಳು, ಒಂದನ್ನೂ ಬಿಡದೆ ಹೇಳಿದೆ.

ಅವನು ಬೈಯಲಿಲ್ಲ. ಕೈಯಲ್ಲಿನ ಚೂರನ್ನು ತಿರುವಿ ತಿರುವಿ ನೋಡಿದ. ಒಲೆಯ ಮೇಲಿನ ಹಂಚು ಕಾದು ಹೊಗೆ ಬರತೊಡಗಿತ್ತು. ಇಳಿಸಲು ನನಗೆ ತೋಚಲಿಲ್ಲ.

"ಹೆಂಗಿತ್ತು?" ಎಂದು ಕೇಳಿದ.

"ಛಲೋ ಇತ್ತು" ಅಂದೆ. ಸುಟ್ಟಿದ್ದು ಖರೆ, ಹಸಿಯಾಗಿದ್ದದ್ದೂ ಖರೆ. ಛಲೋ ಇದ್ದದ್ದೂ ಸುಳ್ಳಲ್ಲ. ಅವನು ತಲೆಯಾಡಿಸಿ, ಆ ಚೂರನ್ನು ಬಾಯಿಗೆ ಹಾಕಿಕೊಂಡ.