ಮೂರು ಚುಕ್ಕೆಯ ಬಳೆ

ಕೊಡಿಗೇಹಳ್ಳಿಯ ಮೆಕ್ಯಾನಿಕ್ ಲಕ್ಕಣ್ಣ ಗಾಡಿಯಿಂದ ಬಿಚ್ಚಿದ ಹಳೇ ಸಾಮಾನನ್ನೆಲ್ಲ ಹೊಸದರ ಡಬ್ಬಿಯಲ್ಲಿ ಹಾಕಿ ಗಿರಾಕಿಯ ಕೈಗೇ ಕೊಡುತ್ತಾನೆ. ಬೇಡವೆಂದರೂ ಬಿಡುವುದಿಲ್ಲ. ಒಂದು ಕಪಾಳಮೋಕ್ಷ ಕಲಿಸಿದ ಪಾಠವದು.

ಒಂಬತ್ತು ವರ್ಷದ ಹಿಂದೆ, ಹೊಲ ಬಿಟ್ಟು ಬಿಲ್ಡರ್ ಆಗಿದ್ದ ಅನಂತರಾಜುವಿನ ಕಾರಿಗೆ ಲಕ್ಕಣ್ಣ ಹಿಂದಿನ ಆ್ಯಕ್ಸೆಲ್ ಬೇರಿಂಗ್ ಬದಲಾಯಿಸಿದ್ದ. ಸವೆದದ್ದನ್ನು ಅಂದೇ ಗುಜರಿಗೆ ಹಾಕಿಬಿಟ್ಟ. ಹಳೇದೆಲ್ಲಿ ಎಂದು ಅನಂತರಾಜು ಕೇಳಿದಾಗ ತೋರಿಸಲು ಏನೂ ಇರಲಿಲ್ಲ. ಹೊಸದನ್ನು ಹಾಕಿಯೇ ಇಲ್ಲ, ಇವನು ಕಳ್ಳ ಎಂದು ಎದುರಿನ ಯಲ್ಲಮ್ಮನ ಟೀ ಅಂಗಡಿಯ ಮುಂದೆ ಬೀದಿಗೆಲ್ಲ ಕೇಳುವಂತೆ ಕೂಗಿ ಕೆನ್ನೆಗೆ ಬಾರಿಸಿದ. ಹೊಸ ಬೇರಿಂಗ್ ಜಾರದಂತೆ ಹಿಡಿದಿಡುವ ಬಳೆಯ ಮೇಲೆ ನನ್ನ ಗುರುತಿನ ಮೂರು ಚುಕ್ಕೆ ಕುಟ್ಟಿದ್ದೇನೆ, ಬಿಚ್ಚಿ ನೋಡಿ ಎಂದು ಲಕ್ಕಣ್ಣ ಅಂಗಲಾಚಿದರೂ ಅನಂತರಾಜು ಚಕ್ರ ಮುಟ್ಟಗೊಡಲಿಲ್ಲ. ಆಮೇಲೆ ಎರಡು ವರ್ಷ ಊರವರಾರೂ ಲಕ್ಕಣ್ಣನ ಶೆಡ್ಡಿನತ್ತ ಸುಳಿಯಲಿಲ್ಲ. ಆ ಅವಮಾನದ ಉರಿ ಆರಲಿಲ್ಲ, ಆರಿಸಿಕೊಳ್ಳುವ ಮನಸ್ಸೂ ಅವನಿಗಿರಲಿಲ್ಲ.

ಕಳೆದ ಭಾನುವಾರ ಅದೇ ಕಾರು ಹಿಂದಿನ ಚಕ್ರದಲ್ಲಿ ಗೋಳಿಡುತ್ತ ಬಂದು ಶೆಡ್ಡಿನ ಮುಂದೆ ನಿಂತಿತು. ಬೇರೆ ಗ್ಯಾರೇಜುಗಳೆಲ್ಲ ಬಾಗಿಲು ಹಾಕಿದ್ದವು. ಅನಂತರಾಜು ಮುಖ ಆಚೆ ತಿರುಗಿಸಿಕೊಂಡೇ ಕೆಲಸ ಹೇಳಿದ. ಲಕ್ಕಣ್ಣ ಬೆಣ್ಣೆಯಂತೆ ಮಾತಾಡಿ ಯಲ್ಲಮ್ಮನ ಬೆಂಚಿನ ಮೇಲೆ ಕೂರಿಸಿದ. ಅಲ್ಲಿದ್ದವರಿಗೆಲ್ಲ ತನ್ನ ಲೆಕ್ಕದಲ್ಲೇ ಟೀ ಹೇಳಿದ. ಯಾರೂ ಎದ್ದು ಹೋಗಬಾರದೆಂಬುದು ಅವನ ಉಪಾಯ.

ಜಾಕ್ ಏರಿಸಿ, ಚಕ್ರ ಕಳಚಿ, ಆ್ಯಕ್ಸೆಲ್ ಎಳೆದು, ಬಟ್ಟೆಯಿಂದ ಬಳೆ ಒರೆಸಿದ. ಮೂರು ಚುಕ್ಕೆ. ಗ್ರೀಸು ಸೋರುವ ಆ್ಯಕ್ಸೆಲನ್ನು ಹಾಗೇ ಹೊತ್ತು ತಂದು ಅನಂತರಾಜುವಿನ ಬಿಳಿ ಪಂಚೆಯ ಮೇಲಿಟ್ಟ.

“ಎಣ್ಸಿ, ಅಣ್ಣ. ಹೊಡೆದಿದ್ದು ಬಲಗೈ, ಅದ್ರಲ್ಲೇ ಮುಟ್ಟಿ ಎಣ್ಸಿ.”

ಅನಂತರಾಜು ಮುಟ್ಟಿ ನೋಡಿದ. ಹಳೇ ಮಾತು, ತಪ್ಪಾಯಿತು, ಬಿಡು ಎಂದು ಗೊಣಗಿದ.

“ಅವತ್ತು ರೈಲ್ವೆ ಗೇಟ್ ತನಕ ಕೇಳೋ ಹಂಗೆ ಕೂಗಿದ್ರಿ. ಇವತ್ತೂ ಅಷ್ಟೇ ಜೋರಾಗಿ ಹೇಳಿ. ಆಮೇಲೇ ಹೊಸದು ಹಾಕೋದು.”

ಯಲ್ಲಮ್ಮ ಸ್ಟವ್ ಆರಿಸಿದಳು. ಬೀದಿ ಕಾಯುತ್ತಿತ್ತು. ಅನಂತರಾಜು ಎದ್ದು ನಿಂತು ಕೂಗಿದ.

“ಲಕ್ಕಣ್ಣ ಕಳ್ಳ ಅಲ್ಲ. ಸುಳ್ಳು ಹೇಳಿದ್ದು ನಾನು.”

ಲಕ್ಕಣ್ಣ ಬಳೆಯನ್ನು ಉಳಿಯಿಂದ ಸೀಳಿ ತೆಗೆದು, ಹೊಸ ಬೇರಿಂಗನ್ನೂ ಹೊಸ ಬಳೆಯನ್ನೂ ಅಚ್ಚುಕಟ್ಟಾಗಿ ಕೂರಿಸಿದ. ಕಾರು ಸದ್ದಿಲ್ಲದೆ ಓಡಿತು. ಹಳೇ ಬೇರಿಂಗನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟ, ಚುಕ್ಕೆಯ ಬಳೆಯನ್ನು ಮಾತ್ರ ಕೊಡಲಿಲ್ಲ. ಅದೀಗ ಶೆಡ್ಡಿನ ಬಾಗಿಲಲ್ಲಿ, ಬೀದಿಗೆ ಕಾಣುವಂತೆ, ಮೊಳೆಗೆ ನೇತಾಡುತ್ತಿದೆ. ಮನೆ ಸೇರಲು ಅನಂತರಾಜುವಿಗೆ ಇರುವುದು ಅದೊಂದೇ ಬೀದಿ.