ಏಳು ಹತ್ತರ ಗಾಡಿ ಮತ್ತು ಸೀಟಿಯಕ್ಕ

ಸೀಟಿಯಕ್ಕ ನಮ್ಮ ಕೋಣೆಗೆ ಬಂದ ದಿನ ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ನಮ್ಮದು ರೈಲ್ವೆಯ ಸಿಮ್ಯುಲೇಶನ್ ವಿಭಾಗ. ಹೊಸ ವೇಳಾಪಟ್ಟಿ ಜಾರಿಗೆ ಬರುವ ಮೊದಲು ಗಾಡಿಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ, ಎಲ್ಲಿ ಎಡವಟ್ಟಾಗುತ್ತದೆ ಎಂದು ಕಂಡುಹಿಡಿಯುವುದು ನಮ್ಮ ಕೆಲಸ. ಪರದೆಯ ಮೇಲೆ ಪ್ಲಾಟ್‌ಫಾರ್ಮ್ ಒಂದು ಪಟ್ಟಿ, ಗಾಡಿ ಇನ್ನೊಂದು ಪಟ್ಟಿ, ಜನರೆಲ್ಲ ನೀಲಿ ಚುಕ್ಕಿಗಳು. ಇಂಥ ಕಡೆ ಇಪ್ಪತ್ತೆರಡು ವರ್ಷ ಪ್ಲಾಟ್‌ಫಾರ್ಮಿನಲ್ಲಿ ನಿಂತು ಸೀಟಿ ಊದಿದ, ಮಂಡಿ ಸವೆದುಹೋದ ಹೆಂಗಸನ್ನು ತಂದು ಕೂರಿಸಿದರೆ ನಾವಾದರೂ ಏನು ಮಾಡಬೇಕು? ಅವರ ನಿವೃತ್ತಿಗೆ ಇದ್ದದ್ದು ಏಳು ತಿಂಗಳು. ಹಳೆಯ ರಿಜಿಸ್ಟರುಗಳನ್ನು ಓದಿ ಹೇಳುವ ಕೆಲಸ ಕೊಟ್ಟೆವು. ಅವರು ಓದುವುದು, ನಾನು ಟೈಪು ಮಾಡುವುದು.

ಅವರು ಬಾಯಿ ಜೋರಿನವರು. ಯಾರಾದರೂ ಬಾಗಿಲಲ್ಲಿ ನಿಂತು ಹರಟಿದರೆ, "ಒಳಗೆ ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಹೊರಗೆ ನಿಲ್ಲಿ, ಬಾಗಿಲಲ್ಲಿ ನಿಂತರೆ ಗಾಡಿ ಹೊರಡಲ್ಲ" ಅನ್ನುತ್ತಿದ್ದರು. ನಮ್ಮ ಸಾಹೇಬರಿಗೂ ಒಮ್ಮೆ ಹೀಗೇ ಹೇಳಿದರು. ಸಾಹೇಬರು ಅರಿವಿಲ್ಲದೆ ಎರಡು ಹೆಜ್ಜೆ ಒಳಗೆ ಬಂದರು. ಆ ದಿನದಿಂದ ನನಗೆ ಅವರನ್ನು ಕಂಡರೆ ಪ್ರೀತಿ ಹುಟ್ಟಿತು.

ಮೂರನೆಯ ತಿಂಗಳಲ್ಲಿ ತಲೆನೋವು ಶುರುವಾಯಿತು. ಹಳೆಯ ಗಿರಣಿಯ ಹಿಂದೆ ಒಂದು ಸಣ್ಣ ಸ್ಟೇಷನ್ ಇದೆ. ಬೆಳಿಗ್ಗೆ ಏಳು ಹತ್ತಕ್ಕೆ ಅಲ್ಲಿಗೆ ಬರುವ ಗಾಡಿ ಮೂರು ಸ್ಟೇಷನ್ ಆಚೆ ದೊಡ್ಡಾಸ್ಪತ್ರೆಯ ಎದುರಿಗೇ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಎಷ್ಟು ಸಲ ಓಡಿಸಿದರೂ ಒಂಬತ್ತು ಚುಕ್ಕಿಗಳು ಹತ್ತುತ್ತಲೇ ಇರಲಿಲ್ಲ. ಬಾಗಿಲು ಮುಚ್ಚುತ್ತಿತ್ತು, ಗಾಡಿ ಹೋಗುತ್ತಿತ್ತು, ಒಂಬತ್ತು ಜನ ಗರ ಬಡಿದವರಂತೆ ಅಲ್ಲೇ ನಿಂತಿರುತ್ತಿದ್ದರು.

ಬಾಗಿಲು ಯಾವ ಕಡೆ ತೆರೆಯುತ್ತದೆಂದು ನೋಡಿದೆ, ಸರಿಯಾಗಿತ್ತು. ಪ್ಲಾಟ್‌ಫಾರ್ಮ್ ಸಂಖ್ಯೆಯೂ ಸರಿಯಾಗಿತ್ತು. ಬೋಗಿಯಲ್ಲಿ ಜಾಗ ಧಾರಾಳವಾಗಿತ್ತು. ಚುಕ್ಕಿಗಳ ನಡಿಗೆಯ ವೇಗವನ್ನು ಹೆಚ್ಚಿಸಿದೆ. ಆಸ್ಪತ್ರೆಗೆ ಹೊರಟ ಮುದುಕರು ಓಟದ ಪಂದ್ಯಕ್ಕೆ ಬಂದವರಂತೆ ಓಡಿದರು, ಎಲ್ಲರೂ ಹತ್ತಿದರು. ಆದರೆ ಆ ವೇಗದಲ್ಲಿ ನಾನೂ ಹತ್ತಲಾರೆ. ಮತ್ತೆ ಕಡಿಮೆ ಮಾಡಿದೆ. ನಾಲ್ಕು ದಿನ ಹೀಗೇ ಹೋಗಿ ನನ್ನ ತಲೆ ಚಿಟ್ಟು ಹಿಡಿಯಿತು.

"ರಿಜಿಸ್ಟರ್ ಏನು ಹೇಳುತ್ತೆ?" ಎಂದು ಸಾಹೇಬರು ಕೇಳಿದರು.

"ಗಾಡಿ ನಿಲ್ಲೋದು ಮೂವತ್ತು ಸೆಕೆಂಡ್ ಸರ್. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನಾನೂ ತಡ ಆಗಿಲ್ಲ."

"ಅಂದ್ಮೇಲೆ ಜನ ಹತ್ತಿದ್ದಾರೆ ಅಂತಾಯ್ತಲ್ಲ. ನಿಮ್ಮ ಚುಕ್ಕಿಗಳೇ ಸರಿ ಇಲ್ಲ. ಆ ಒಂಬತ್ತನ್ನ ತೆಗೆದುಹಾಕಿ. ಶುಕ್ರವಾರ ಮೀಟಿಂಗು."

ತೆಗೆದುಹಾಕಿದೆ. ಒಂದೊಂದರ ಮೇಲೂ ಒತ್ತಿ, ಅಳಿಸು ಎಂದರೆ ಆಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಅಳಿಸುವ ಮೊದಲಿನ ಒಂದು ಪ್ರತಿ ನನ್ನ ಪರದೆಯಲ್ಲಿ ಇನ್ನೂ ಓಡುತ್ತಿತ್ತು. ಸೀಟಿಯಕ್ಕ ಕನ್ನಡಕ ಏರಿಸಿಕೊಂಡು ಹಿಂದೆ ಬಂದು ನಿಂತರು.

"ಇದು ಗಿರಣಿ ಸ್ಟೇಷನ್ ಅಲ್ವಾ ತಮ್ಮ?"

"ಹೌದಕ್ಕ. ಒಂಬತ್ತು ಜನ ಹತ್ತಲ್ಲ ಅಂತ ಹಟ ಹಿಡಿದಿದ್ದಾರೆ."

ಅವರು ಗಾಡಿ ಬರುವುದನ್ನೂ ಹೋಗುವುದನ್ನೂ ಎರಡು ಸಲ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. "ಇದು ತಪ್ಪಲ್ಲ" ಅಂದರು. ಚೀಲ ಎತ್ತಿಕೊಂಡು ಮನೆಗೆ ಹೊರಟರು.

ಮಂಡಿನೋವಿನಲ್ಲಿ ಒಬ್ಬರೇ ಹೋಗುವುದು ಬೇಡವೆಂದು ನಾನೂ ಜೊತೆಗೆ ಹೊರಟೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆಗಳ ಮನೆ. ಅಕ್ಕತಂಗಿ ಇಬ್ಬರೇ ಇರುವುದು. ತಂಗಿ ಬಟ್ಟೆ ಹೊಲಿಯುವವರು. ಕಿಟಕಿಯ ಪಕ್ಕ ಮೆಷಿನ್ನು, ನೆಲದ ತುಂಬ ಚಿಂದಿ. ಸೀಟಿಯಕ್ಕ ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಎಲ್ಲವನ್ನೂ ಹೇಳಿದರು. ಇಪ್ಪತ್ತೆರಡು ವರ್ಷ ಅವರು ಸೀಟಿ ಊದಿದ್ದು ಅದೇ ಗಿರಣಿ ಸ್ಟೇಷನ್ನಿನಲ್ಲಿ.

ಗಾಡಿ ಹತ್ತು ಸೆಕೆಂಡ್ ತಡವಾದರೂ ಕಾರಣ ಬರೆದು ಮೂರು ಪ್ರತಿ ಕಳಿಸಬೇಕು. ಫಾರಂನಲ್ಲಿ ಕಾರಣಗಳು ಅಚ್ಚಾಗಿರುತ್ತವೆ: ಸಿಗ್ನಲ್, ಇಂಜಿನ್, ಮಂಜು, ಹಳಿಯ ಮೇಲೆ ದನ. ಮುದುಕರು ನಿಧಾನವಾಗಿ ಹತ್ತಿದರು ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಸೀಟಿಯಕ್ಕ ಕೊನೆಯವರು ಹತ್ತುವ ತನಕ ಸೀಟಿ ಊದುತ್ತಿರಲಿಲ್ಲ, ರಿಜಿಸ್ಟರಿನಲ್ಲಿ ಮಾತ್ರ ಮೂವತ್ತು ಸೆಕೆಂಡ್ ಎಂದು ಬರೆಯುತ್ತಿದ್ದರು. ಮುಂದೆ ಹಳಿ ನೇರವಾಗಿದ್ದಲ್ಲಿ ಡ್ರೈವರ್ ಗಾಡಿಯನ್ನು ಸ್ವಲ್ಪ ಜೋರಾಗಿ ಬಿಟ್ಟು ಸರಿದೂಗಿಸುತ್ತಿದ್ದ. ಯಾರಿಗೂ ತೊಂದರೆ ಇರಲಿಲ್ಲ. ಆದರೆ ಈಗ ಬರುವ ಹೊಸ ಗಾಡಿಗಳಲ್ಲಿ ಸೀಟಿ ಊದುವವರೇ ಇಲ್ಲ. ನಮ್ಮ ಕಂಪ್ಯೂಟರು ಎಷ್ಟು ಸೆಕೆಂಡ್ ಎನ್ನುತ್ತದೋ ಅಷ್ಟಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ.

"ನಾನು ಬರೆದ ಸುಳ್ಳಿಗೆ ಅವರ ಮುಖದ ಮುಂದೆ ಬಾಗಿಲು ಮುಚ್ಚುತ್ತೆ" ಅಂದರು.

ತಂಗಿ ಕತ್ತರಿ ಕೆಳಗಿಟ್ಟರು. "ಅಕ್ಕ, ಸುಳ್ಳು ರಿಜಿಸ್ಟರ್ ಬರೆದೆ ಅಂತ ನೀನೇ ಹೋಗಿ ಹೇಳಿದ್ರೆ ಪೆನ್ಷನ್ ಕೊಡ್ತಾರಾ? ಇನ್ನು ನಾಲ್ಕು ತಿಂಗಳು ಬಾಯಿಗೆ ಹೊಲಿಗೆ ಹಾಕ್ಕೊಂಡಿರೋಕಾಗಲ್ವಾ ನಿನಗೆ?"

"ನೀನೇ ಹಾಕ್ಕೊಡು. ದಾರ ಗಟ್ಟಿದು ಇರಲಿ."

ತಂಗಿಗೆ ನಗು ಬರಲಿಲ್ಲ. "ನನ್ನ ಕಣ್ಣು ಮೊದಲಿನ ಹಾಗಿಲ್ಲ ಅಕ್ಕ. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆಯವರನ್ನ ಕರೀತೀನಿ. ಅದೂ ಯೋಚನೆ ಮಾಡು" ಅಂದರು. ಸೀಟಿಯಕ್ಕ ಮಂಡಿ ನೀವಿಕೊಳ್ಳುತ್ತಾ ಕೂತರು. ನಾನು ಸುಮ್ಮನಿರಿ ಎಂದೂ ಹೇಳಲಿಲ್ಲ, ಹೇಳಿಬಿಡಿ ಎಂದೂ ಹೇಳಲಿಲ್ಲ. ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಶುಕ್ರವಾರದ ಮೀಟಿಂಗಿನಲ್ಲಿ ಹದಿನಾಲ್ಕು ಅಧಿಕಾರಿಗಳಿದ್ದರು. ನಾನು ಪರದೆಯ ಮೇಲೆ ಏಳು ಹತ್ತರ ಗಾಡಿಯನ್ನು ಓಡಿಸಿ ತೋರಿಸಿದೆ. ಗಾಡಿ ಬಂತು, ಎಲ್ಲರೂ ಹತ್ತಿದರು, ಗಾಡಿ ಹೋಯಿತು. ಪ್ಲಾಟ್‌ಫಾರ್ಮ್ ಖಾಲಿಯಾಗಿತ್ತು. "ಮೂವತ್ತು ಸೆಕೆಂಡ್ ಸಾಕು ಅಂತಾಯ್ತು" ಎಂದು ಹಿರಿಯ ಅಧಿಕಾರಿ ಪೆನ್ನು ಎತ್ತಿದರು.

ಹಿಂದಿನ ಸಾಲಿನಲ್ಲಿ ಕಡತ ಹಿಡಿದು ಕೂತಿದ್ದ ಸೀಟಿಯಕ್ಕ ಎದ್ದು ನಿಂತರು. "ಸಾಕಾಗಲ್ಲ ಸರ್. ಆ ರಿಜಿಸ್ಟರ್ ಸುಳ್ಳು. ಬರೆದವಳು ನಾನೇ."

"ಎಷ್ಟು ದಿನ ಸುಳ್ಳು ಬರೆದಿದ್ದೀರಿ?" ಎಂದು ಅಧಿಕಾರಿಯೊಬ್ಬರು ಕೇಳಿದರು.

"ದಿನಾಲೂ ಸರ್. ಭಾನುವಾರ ಬಿಟ್ಟು. ಭಾನುವಾರ ಜನ ಕಮ್ಮಿ."

ಒಬ್ಬರು ನಕ್ಕರು, ಉಳಿದವರು ನಗಲಿಲ್ಲ. ಹಿರಿಯರು ಕೇಳಿದರು: "ಹಾಗಾದ್ರೆ ನಿಜವಾಗಿ ಎಷ್ಟು ಹೊತ್ತು ಬೇಕು?"

"ಐವತ್ತೈದು ಸೆಕೆಂಡ್. ಮಳೆ ಬಂದ್ರೆ ಇನ್ನೂ ಹತ್ತು ಸೇರಿಸ್ಕೊಳ್ಳಿ, ಕೊಡೆ ಮಡಚಬೇಕಲ್ಲ." ಅವರ ದನಿ ಗಟ್ಟಿಯಾಗಿತ್ತು.

ಮಾರನೆಯ ವಾರ ಇಬ್ಬರು ಹೋಗಿ ಹತ್ತು ದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಳೆದು ಬಂದರು. ಸರಾಸರಿ ಐವತ್ತಾರು ಬಂತು. ವೇಳಾಪಟ್ಟಿಯಲ್ಲಿ ಆ ಸ್ಟೇಷನ್ನಿಗೆ ಒಂದು ನಿಮಿಷ ಹತ್ತು ಸೆಕೆಂಡ್ ಕೊಟ್ಟರು. ಸೀಟಿಯಕ್ಕನ ಮೇಲೆ ವಿಚಾರಣೆ ನಡೆಯಿತು. ಪೆನ್ಷನ್ ಉಳಿಯಿತು, ಆದರೆ ಒಂದು ದರ್ಜೆ ಕೆಳಗಿಳಿಸಿದರು. ಸೇವಾ ಪುಸ್ತಕದ ಕೊನೆಯ ಪುಟದಲ್ಲಿ ತೃಪ್ತಿಕರ ಎಂದು ಇರಬೇಕಾದ ಕಡೆ ದಾಖಲೆ ತಿದ್ದಿದವರು ಎಂದು ಬರೆದರು. ಬೀಳ್ಕೊಡುಗೆಯೂ ಬೇಡವೆಂದು ಮೇಲಿನಿಂದ ಅಪ್ಪಣೆಯಾಯಿತು. ನನಗೆ ಮೈಯೆಲ್ಲ ಉರಿಯಿತು, ಈಗಲೂ ಉರಿಯುತ್ತದೆ.

ಕೊನೆಯ ದಿನ ಅವರ ಚೀಲ ಹಿಡಿದುಕೊಂಡು ಮೆಟ್ಟಿಲಿಳಿಸಿದೆ. ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದರು. ಅರ್ಧ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಅಕ್ಕ, ಆವತ್ತು ಮೀಟಿಂಗಿಗೆ ಮುಂಚೆ ಆ ಒಂಬತ್ತು ಜನರನ್ನ ಅಳಿಸಿದ್ದು ನಾನೇ."

"ಗೊತ್ತು ತಮ್ಮ. ಹಿಂದಿನ ದಿನ ನಿಂತಿದ್ದೋರು ಆವತ್ತು ಇರಲಿಲ್ಲವಲ್ಲ."

"ಮತ್ತೆ ಮೀಟಿಂಗಲ್ಲಿ ಯಾಕೆ ಹೇಳಲಿಲ್ಲ?"

"ನನ್ನ ತಪ್ಪು ನಾನು ಹೇಳಿದೆ. ನಿಂದು ನಾನ್ಯಾಕೆ ಹೇಳ್ಲಿ?" ಅಂದು, ಕಂಬಿ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.

ಇದಾಗಿ ಆರು ವರ್ಷ. ಸಾಹೇಬರಿಗೆ ಬಡ್ತಿ ಸಿಕ್ಕಿತು, ಅವರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ನನ್ನ ಸೇವಾ ಪುಸ್ತಕದಲ್ಲಿ ಪ್ರತಿ ವರ್ಷವೂ ತೃಪ್ತಿಕರ ಎಂದೇ ಇದೆ. ಒಂಬತ್ತು ಜನರನ್ನು ಅಳಿಸಿದವನು ನಾನು ಎಂದು ಸೀಟಿಯಕ್ಕನನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಇವತ್ತು ಬರೆದಿದ್ದೇನೆ.